ಹಿತ್ತಲ ಕಾಡಿನ ‘ಬೇಡದ ಮರ’ಗಳಿಗೆ ಕೊಡಲಿ ಹಾಕುವ ಮುನ್ನ: ಅಮೆರಿಕದ ಪೂರ್ವ ರಾಜ್ಯಗಳ ಮನೆಯವರಿಗೆ ಸಮಗ್ರ ಮಾರ್ಗದರ್ಶಿ

ಪೆನ್ಸಿಲ್ವೇನಿಯಾ, ನ್ಯೂಜೆರ್ಸಿ, ಮೇರಿಲ್ಯಾಂಡ್, ವರ್ಜೀನಿಯಾಗಳಲ್ಲಿ ಕಾಡಿನ ಅಂಚಿಗೆ ತಾಗಿದ ಮನೆ ಕೊಂಡಿರುವ ಕನ್ನಡಿಗರಿಂದ ಒಂದೇ ಬಗೆಯ ದೂರು ಮತ್ತೆ ಮತ್ತೆ ಕೇಳಿಬರುತ್ತಿದೆ. ಓಕ್ ಮತ್ತು ಮೇಪಲ್ ಮರಗಳನ್ನು ಮಾತ್ರ ಉಳಿಸಿಕೊಂಡು, ಸೊಟ್ಟಗೆ ಬೆಳೆದ, ಗಂಟುಗಂಟಾದ, ಹೆಸರು ತಿಳಿಯದ ಮರಗಳನ್ನೆಲ್ಲ ಹಣ ಕೊಟ್ಟು ತೆಗೆಸುತ್ತಾರೆ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಅಲ್ಲಿ ಹುಲ್ಲುಹಾಸೂ ಇರುವುದಿಲ್ಲ, ಓಕ್ ಸಸಿಯೂ ಇರುವುದಿಲ್ಲ. ಮುಳ್ಳುಪೊದೆ, ಕೊರಳು ಹಿಸುಕುವ ಬಳ್ಳಿ ಮತ್ತು ಕಡಿದಷ್ಟೂ ಚಿಗುರುವ ಪರದೇಶಿ ಮರಗಳು ತುಂಬಿಕೊಂಡಿರುತ್ತವೆ.

ಇದಕ್ಕೆ ಕಾರಣ ಎರಡು. ಮೊದಲನೆಯದು, ಸ್ಥಳೀಯ ಮರವನ್ನು ಕಳೆಯೆಂದು ತಿಳಿದು ಕಡಿಸಿ, ನಿಜವಾದ ಕಳೆಮರವನ್ನು ನೆರಳಿಗೆಂದು ಉಳಿಸಿಕೊಳ್ಳುವುದು. ಎರಡನೆಯದು, ಇದಕ್ಕಿಂತ ಹೆಚ್ಚು ನಷ್ಟ ತರುವಂಥದ್ದು, ಕೆಲಸದ ಕ್ರಮವನ್ನು ತಲೆಕೆಳಗು ಮಾಡುವುದು. ಕಾಡಿನಲ್ಲಿ ಒಂದು ಮರ ಉರುಳಿದರೆ ನೆಲಕ್ಕೆ ಬೆಳಕು ಬೀಳುತ್ತದೆ, ಆ ಬೆಳಕಿಗೆ ಮೊದಲು ಏಳುವುದು ಹತ್ತಿರದಲ್ಲೇ ಕಾದು ಕುಳಿತಿರುವ ಗಿಡ. ಕಾದಿರುವುದು ಯಾವುದು ಎಂದು ನೋಡದೆ ಬೆಳಕು ತೆರೆಯಬಾರದು. ಈ ಮಾರ್ಗದರ್ಶಿಯ ಹಂತಗಳೆಲ್ಲ ಈ ಒಂದು ಕಾರಣಕ್ಕಾಗಿ ಈ ಅನುಕ್ರಮದಲ್ಲಿವೆ. ದಯವಿಟ್ಟು ಹಿಂದುಮುಂದು ಮಾಡಬೇಡಿ.

## ಬೇಕಾಗುವ ಸಾಮಗ್ರಿ

ಎರಡು ಬಣ್ಣದ ಗುರುತುಪಟ್ಟಿ (ಉಳಿಸಲು ನೀಲಿ, ತೆಗೆಯಲು ಕಿತ್ತಳೆ), ಕೈಭೂತಗನ್ನಡಿ, ಅಳತೆ ಟೇಪು, ನೋಟ್‌ಬುಕ್, ಫೋನಿನ ಕ್ಯಾಮೆರಾ, ಕೈಗರಗಸ, ಉದ್ದ ಹಿಡಿಯ ಕತ್ತರಿ, ದಪ್ಪ ಕೈಗವಸು, ಪೂರ್ತಿ ತೋಳಿನ ಅಂಗಿ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ಮನೆಗೆ ಬಂದೊಡನೆ ಮೈ ಪರೀಕ್ಷಿಸಿಕೊಳ್ಳಿ. ಲೈಮ್ ರೋಗ ಹರಡುವ ಉಣ್ಣೆ ಈ ಭಾಗದ ಕಾಡಿನಂಚಿನಲ್ಲಿ ಸಾಮಾನ್ಯ. ಚೈನ್‌ಸಾ ಈ ಪಟ್ಟಿಯಲ್ಲಿ ಇಲ್ಲದಿರುವುದು ಮರೆವಿನಿಂದಲ್ಲ. ತರಬೇತಿ ಮತ್ತು ಕಾಲಿನ ರಕ್ಷಾಕವಚ ಇಲ್ಲದವರು ಅದನ್ನು ಮುಟ್ಟಬಾರದು.

## ಹಂತ 1: ಅನುಮತಿ ಮತ್ತು ಕಾಲ

ನಿಮ್ಮ ಟೌನ್‌ಶಿಪ್ ಅಥವಾ ಕೌಂಟಿಯಲ್ಲಿ ಮರ ಕಡಿಯಲು ಪರವಾನಗಿ ಬೇಕೇ, ತೊರೆ ಅಥವಾ ಜೌಗಿನ ಪಕ್ಕದ ಕಾಯ್ದಿಟ್ಟ ಪಟ್ಟಿ ನಿಮ್ಮ ಜಾಗದೊಳಗೆ ಬರುತ್ತದೆಯೇ, ಬಡಾವಣೆಯ ಸಂಘದ ನಿಯಮವೇನು ಎಂದು ಬರವಣಿಗೆಯಲ್ಲಿ ತಿಳಿದುಕೊಳ್ಳಿ. ಗಡಿಗಲ್ಲನ್ನು ಅಂದಾಜಿನಿಂದ ಗುರುತಿಸಬೇಡಿ. ಸರ್ವೆ ನಕ್ಷೆ ನೋಡಿ.

ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಕಡಿಯುವ ಕೆಲಸವನ್ನು ಇಟ್ಟುಕೊಳ್ಳದಿರುವುದು ಒಳ್ಳೆಯದು. ಅದು ಹಕ್ಕಿಗಳು ಗೂಡು ಕಟ್ಟುವ ಕಾಲ, ಮೊಟ್ಟೆ ಅಥವಾ ಮರಿಯಿರುವ ಗೂಡಿಗೆ 1918ರ ವಲಸೆ ಹಕ್ಕಿಗಳ ಕಾಯ್ದೆಯ ರಕ್ಷಣೆಯಿದೆ. ಸಡಿಲ ತೊಗಟೆಯ ಅಡಿಯಲ್ಲಿ ಬಾವಲಿಗಳು ಮರಿ ಸಾಕುವುದೂ ಇದೇ ಬೇಸಿಗೆಯಲ್ಲಿ. ಗುರುತಿಸುವ ಕೆಲಸಕ್ಕೆ ಬೇಸಿಗೆ, ಕಡಿಯುವ ಕೆಲಸಕ್ಕೆ ಚಳಿಗಾಲ ಎಂದು ಹಂಚಿಕೊಂಡರೆ ತೊಂದರೆಯಿಲ್ಲ.

## ಹಂತ 2: ಪ್ರತಿ ಮರಕ್ಕೂ ಒಂದು ಸಾಲು

ಮಣಿಕಟ್ಟಿಗಿಂತ ದಪ್ಪವಿರುವ ಪ್ರತಿ ಮರಕ್ಕೂ ಸಂಖ್ಯೆ ಕೊಟ್ಟು ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆಯಿರಿ. ಮೊದಲು ಕೇಳಬೇಕಾದ ಪ್ರಶ್ನೆ ಎಲೆಯ ಆಕಾರದ್ದಲ್ಲ, ಎಲೆ ಕೊಂಬೆಗೆ ಕೂಡುವ ರೀತಿಯದು: ಎದುರುಬದುರಾಗಿ ಜೋಡಿಯಾಗಿವೆಯೋ, ಒಂದಾದ ಮೇಲೊಂದು ಅಕ್ಕಪಕ್ಕ ಬದಲಾಗುತ್ತ ಬರುತ್ತವೆಯೋ? ಈ ಕಾಡುಗಳಲ್ಲಿ ಎದುರುಬದುರು ಎಲೆಯ ದೊಡ್ಡ ಮರಗಳು ಕೆಲವೇ. ಮೇಪಲ್ ಮತ್ತು ಆಶ್ ಅವುಗಳಲ್ಲಿ ಮುಖ್ಯ. ಈ ಒಂದೇ ಪ್ರಶ್ನೆ ಅರ್ಧಕ್ಕೂ ಹೆಚ್ಚು ಗೊಂದಲ ಕಳೆಯುತ್ತದೆ.

ಎರಡನೆಯ ಪ್ರಶ್ನೆ, ಎಲೆ ಒಂಟಿಯೋ, ಒಂದೇ ತೊಟ್ಟಿಗೆ ಹಲವು ಕಿರುಎಲೆಗಳು ಕೂಡಿದ ಸಂಯುಕ್ತ ಎಲೆಯೋ? ಮೊಗ್ಗು ಎಲ್ಲಿದೆಯೆಂದು ಹುಡುಕಿ. ಮೊಗ್ಗು ಪೂರ್ಣ ಎಲೆಯ ಬುಡದಲ್ಲಿರುತ್ತದೆ, ಕಿರುಎಲೆಯ ಬುಡದಲ್ಲಿ ಎಂದೂ ಇರುವುದಿಲ್ಲ. ಆಮೇಲೆ ತೊಗಟೆ, ಕಾಯಿ, ಉಜ್ಜಿದ ಎಲೆಯ ವಾಸನೆ.

ಐನ್ಯಾಚುರಲಿಸ್ಟ್, ಸೀಕ್ ಮುಂತಾದ ಆ್ಯಪ್‌ಗಳು ಸಹಾಯ ಮಾಡುತ್ತವೆ, ಆದರೆ ಒಂದೇ ಎಲೆಯ ಚಿತ್ರ ಕೊಟ್ಟು ಬಂದ ಮೊದಲ ಉತ್ತರವನ್ನು ನಂಬಿ ಮರ ಕಡಿಸುವುದು ನಾನು ಕಂಡಿರುವ ತಪ್ಪುಗಳಲ್ಲೆಲ್ಲ ಅತಿ ಸಾಮಾನ್ಯವಾದದ್ದು. ಎಲೆ, ಕೊಂಬೆಯ ಗಂಟು, ತೊಗಟೆ, ಕಾಯಿ ಇವುಗಳ ಬೇರೆ ಬೇರೆ ಚಿತ್ರ ಕೊಡಿ. ಸಂದೇಹ ಉಳಿದರೆ ಕೌಂಟಿಯ ಎಕ್ಸ್‌ಟೆನ್ಷನ್ ಕಚೇರಿಗೆ (ಕೃಷಿ ಸಲಹಾ ಕೇಂದ್ರ) ಕೊಂಬೆಯನ್ನೇ ಒಯ್ದು ತೋರಿಸಿ.

## ಹಂತ 3: ದಾರಿ ತಪ್ಪಿಸುವ ಜೋಡಿಗಳು

ಈ ಹಂತಕ್ಕೆ ಹೆಚ್ಚು ಹೊತ್ತು ಕೊಡಿ. ಇಲ್ಲಿ ಸೋತರೆ ಮುಂದಿನ ಯಾವ ಹಂತವೂ ನಿಮ್ಮನ್ನು ಉಳಿಸಲಾರದು.

ಟ್ರೀ ಆಫ್ ಹೆವನ್, ಸುಮ್ಯಾಕ್, ಬ್ಲ್ಯಾಕ್ ವಾಲ್ನಟ್. ಮೂರಕ್ಕೂ ಗರಿಯಂತಹ ಉದ್ದನೆಯ ಸಂಯುಕ್ತ ಎಲೆ. ಮೊದಲನೆಯದು ಚೀನಾ ಮೂಲದ್ದು, 1784ರಲ್ಲಿ ಫಿಲಡೆಲ್ಫಿಯಾಕ್ಕೆ ಬಂದದ್ದು, ಇಂದು ಈ ಭಾಗದ ಅತಿ ಹಠಮಾರಿ ಕಳೆಮರ. 2014ರಲ್ಲಿ ಪೆನ್ಸಿಲ್ವೇನಿಯಾದ ಬರ್ಕ್ಸ್ ಕೌಂಟಿಯಲ್ಲಿ ಮೊದಲು ಕಾಣಿಸಿಕೊಂಡ ಸ್ಪಾಟೆಡ್ ಲ್ಯಾಂಟರ್ನ್‌ಫ್ಲೈ ಕೀಟಕ್ಕೆ ಅಚ್ಚುಮೆಚ್ಚಿನ ಮರವೂ ಹೌದು. ಉಳಿದೆರಡು ಸ್ಥಳೀಯ.

ಒಂದು ಕಿರುಎಲೆಯನ್ನು ಕಿತ್ತು ಭೂತಗನ್ನಡಿಯಲ್ಲಿ ಅಂಚು ನೋಡಿ. ವಾಲ್ನಟ್ ಮತ್ತು ಸಾಮಾನ್ಯ ಸುಮ್ಯಾಕ್‌ಗಳಾದ ಸ್ಟ್ಯಾಗ್‌ಹಾರ್ನ್, ಸ್ಮೂತ್ ಜಾತಿಗಳ ಅಂಚು ಬುಡದಿಂದ ತುದಿಯವರೆಗೂ ಗರಗಸದಂತೆ ಹಲ್ಲುಹಲ್ಲಾಗಿರುತ್ತದೆ. ಟ್ರೀ ಆಫ್ ಹೆವನ್‌ನ ಅಂಚು ನುಣುಪು. ಬುಡದ ಬಳಿ ಮಾತ್ರ ಒಂದೆರಡು ಮೊಂಡು ಹಲ್ಲುಗಳಿದ್ದು, ಅವುಗಳ ಕೆಳಗೆ ಸಣ್ಣ ಗ್ರಂಥಿಯ ಉಬ್ಬು ಕಾಣುತ್ತದೆ. ಎಲೆ ಉಜ್ಜಿದರೆ ಕೆಟ್ಟ ಕಡಲೆಕಾಯಿ ಬೆಣ್ಣೆಯ ವಾಸನೆ ಮೂಗಿಗೆ ಬಡಿಯುತ್ತದೆ. ವಾಲ್ನಟ್‌ನ ಎಳೆಗೊಂಬೆಯನ್ನು ಉದ್ದಕ್ಕೆ ಸೀಳಿದರೆ ಒಳಗಿನ ತಿರುಳು ಸಣ್ಣ ಸಣ್ಣ ಅಡ್ಡಗೋಡೆಗಳಾಗಿ ವಿಭಾಗವಾಗಿರುತ್ತದೆ. ಸ್ಟ್ಯಾಗ್‌ಹಾರ್ನ್ ಸುಮ್ಯಾಕ್‌ನ ಎಳೆಗೊಂಬೆಯ ಮೇಲೆ ಮಖಮಲ್ಲಿನಂತಹ ರೋಮವಿದ್ದು, ಹೆಣ್ಣುಗಿಡದ ಕೆಂಪು ಕಾಯಿಗೊಂಚಲು ನೆಟ್ಟಗೆ ಮೇಲ್ಮುಖವಾಗಿ ನಿಂತಿರುತ್ತದೆ. ವಿಷಕಾರಿ ಪಾಯ್ಸನ್ ಸುಮ್ಯಾಕ್ ಬೇರೆಯೇ ಗಿಡ: ನೀರು ನಿಲ್ಲುವ ಜೌಗಿನಲ್ಲಿ ಬೆಳೆಯುತ್ತದೆ, ಕಿರುಎಲೆಯ ಅಂಚು ನುಣುಪು, ಕಾಯಿ ಬಿಳಿಚಿಕೊಂಡು ಜೋತುಬೀಳುತ್ತದೆ.

ಬಾಕ್ಸ್‌ಎಲ್ಡರ್ ಮತ್ತು ಪಾಯ್ಸನ್ ಐವಿ. ಬಾಕ್ಸ್‌ಎಲ್ಡರ್ ಮೇಪಲ್ ಕುಲದ ಮರವಾದರೂ ಅದರ ಸಸಿಗೆ ಮೂರು ಕಿರುಎಲೆಗಳು ಇರುವುದರಿಂದ ಜನ ಮೈಗೆ ತಗಲಿದರೆ ಬೊಬ್ಬೆಯೆಬ್ಬಿಸುವ ಪಾಯ್ಸನ್ ಐವಿ ಬಳ್ಳಿಯೆಂದು ಹೆದರಿ ವಿಷ ಸಿಂಪಡಿಸುತ್ತಾರೆ. ಇದಕ್ಕಿಂತ ಅಪಾಯಕಾರಿಯಾದದ್ದು ವಿರುದ್ಧ ದಿಕ್ಕಿನ ತಪ್ಪು. ಬಾಕ್ಸ್‌ಎಲ್ಡರ್‌ನ ಎಲೆಗಳು ಎದುರುಬದುರು, ಪಾಯ್ಸನ್ ಐವಿಯದು ಬದಲಾಗುತ್ತ ಬರುವ ಜೋಡಣೆ. ಹಳೆಯ ಐವಿ ಬಳ್ಳಿ ಮರಕ್ಕೆ ಹತ್ತಿದಾಗ ಕಂದುರೋಮದಂತಹ ಬೇರುಗಳಿಂದ ತುಂಬಿರುತ್ತದೆ. ಪಾಯ್ಸನ್ ಐವಿ ನಮ್ಮ ಗೇರು ಮತ್ತು ಮಾವಿನ ಕುಟುಂಬದ್ದು, ಅದರ ಸೊನೆ ಗೇರುಬೀಜದ ಸಿಪ್ಪೆಯೆಣ್ಣೆಯ ಹತ್ತಿರದ ಸಂಬಂಧಿ. ಕರಾವಳಿಯಲ್ಲಿ ಗೇರು ಸುಟ್ಟು ಕೈ ಬೊಬ್ಬೆಯೆದ್ದವರು ಇಲ್ಲಿ ಇನ್ನಷ್ಟು ಎಚ್ಚರದಿಂದಿರಬೇಕು. ಆ ಬಳ್ಳಿಯನ್ನು ಯಾವ ಕಾರಣಕ್ಕೂ ಸುಡಬೇಡಿ. ಹೊಗೆ ಶ್ವಾಸಕೋಶಕ್ಕೆ ಹೋದರೆ ಆಸ್ಪತ್ರೆ ಸೇರಬೇಕಾಗುತ್ತದೆ.

ನಾರ್ವೆ ಮೇಪಲ್ ಮತ್ತು ಶುಗರ್ ಮೇಪಲ್. ಎಲೆಯ ತೊಟ್ಟು ಮುರಿಯಿರಿ. ಹಾಲಿನಂತಹ ಬಿಳಿ ಸೊನೆ ಒಸರಿದರೆ ಯುರೋಪಿನಿಂದ ಬಂದ ನಾರ್ವೆ ಮೇಪಲ್. ‘ಮೇಪಲ್’ ಎಂಬ ಹೆಸರಿನ ಗೌರವಕ್ಕೆ ಇದು ಎಷ್ಟೋ ಹಿತ್ತಲುಗಳಲ್ಲಿ ಉಳಿದುಕೊಂಡು, ದಟ್ಟ ನೆರಳಿನಿಂದ ಅಡಿಯ ಸಸಿಗಳನ್ನೆಲ್ಲ ಕೊಲ್ಲುತ್ತಿದೆ.

ಕ್ಯಾಲರಿ ಪೇರ್. ವಸಂತದ ಆರಂಭದಲ್ಲಿ ಬಿಳಿ ಹೂ ತುಂಬಿಕೊಂಡು, ಹಳಸಿದ ಮೀನಿನ ವಾಸನೆ ಬೀರುವ ಈ ಮರ ನರ್ಸರಿಯಿಂದ ತಪ್ಪಿಸಿಕೊಂಡು ಕಾಡಿನಂಚು ಸೇರಿದೆ. ಕಾಡುಸಸಿಗಳಿಗೆ ಟೈರು ಚುಚ್ಚುವಷ್ಟು ಗಟ್ಟಿಯಾದ ಮುಳ್ಳುಗಳಿವೆ. ಒಹಾಯೊ ರಾಜ್ಯ 2023ರಿಂದ ಇದರ ಮಾರಾಟವನ್ನೇ ನಿಷೇಧಿಸಿದೆ. ಅದೇ ಕಾಲಕ್ಕೆ ಹೂ ಬಿಡುವ ಸ್ಥಳೀಯ ಸರ್ವಿಸ್‌ಬೆರಿಯ ಎಸಳುಗಳು ಕಿರಿದಾಗಿ, ಉದ್ದವಾಗಿರುತ್ತವೆ, ತೊಗಟೆ ನುಣುಪು ಬೂದುಬಣ್ಣ.

## ಹಂತ 4: ತಿರಸ್ಕೃತ ಮರಗಳ ಕೆಲಸ ತೂಗಿ ನೋಡುವುದು

ಈಗ ನಿಮ್ಮ ಪಟ್ಟಿಯಲ್ಲಿ ಸ್ಥಳೀಯ ಎಂದು ಖಚಿತವಾದ, ಆದರೆ ಯಾರಿಗೂ ಬೇಡವಾದ ಮರಗಳು ಉಳಿಯುತ್ತವೆ. ಒಂದೊಂದಕ್ಕೂ ‘ಇದು ಎಲ್ಲಿ ನಿಂತಿದೆ, ಏನು ಮಾಡುತ್ತಿದೆ’ ಎಂದು ಕೇಳಿ. ಚಂದವಿದೆಯೇ ಎಂಬ ಪ್ರಶ್ನೆ ಇಲ್ಲಿ ಬೇಡ.

ಬ್ಲ್ಯಾಕ್ ಚೆರ್ರಿ. ದೊಡ್ಡ ಮರದ ತೊಗಟೆ ಸುಟ್ಟ ಚಿಪ್ಸ್ ಅಂಟಿಸಿದಂತೆ ಕಪ್ಪಗೆ ಎದ್ದಿರುತ್ತದೆ. ಎಳೆಗೊಂಬೆ ಗೀರಿದರೆ ಕಹಿಬಾದಾಮಿಯ ವಾಸನೆ. ವಸಂತದಲ್ಲಿ ಕವಲುಗಳಲ್ಲಿ ಟೆಂಟ್ ಕ್ಯಾಟರ್‌ಪಿಲ್ಲರ್‌ಗಳ ಬಿಳಿ ಬಲೆ, ಕೊಂಬೆಗಳಲ್ಲಿ ಕರಿಗಂಟು ರೋಗದ ಉಬ್ಬುಗಳು ಕಾಣುವುದರಿಂದ ಜನ ಇದನ್ನು ರೋಗಿಷ್ಠ ಮರವೆಂದು ತೆಗೆಸುತ್ತಾರೆ. ಹುಳು ತಿಂದ ಎಲೆಗಳ ಜಾಗದಲ್ಲಿ ಆರೋಗ್ಯವಂತ ಮರ ಅದೇ ಬೇಸಿಗೆಯಲ್ಲಿ ಹೊಸ ಎಲೆ ತರುತ್ತದೆ. ಮಧ್ಯ ಅಟ್ಲಾಂಟಿಕ್ ರಾಜ್ಯಗಳಲ್ಲಿ ಚೆರ್ರಿ ಕುಲದ ಮರಗಳು 400ಕ್ಕೂ ಹೆಚ್ಚು ಜಾತಿಯ ಪತಂಗ ಮತ್ತು ಚಿಟ್ಟೆಗಳ ಮರಿಹುಳುಗಳಿಗೆ ಆಹಾರ ಎಂದು ಡೆಲವೇರ್ ವಿಶ್ವವಿದ್ಯಾಲಯದ ಡಗ್ಲಸ್ ಟ್ಯಾಲಮಿ ಅವರ ತಂಡ ಪಟ್ಟಿ ಮಾಡಿದೆ. ಇದಕ್ಕಿಂತ ಮುಂದಿರುವುದು ಓಕ್ ಮಾತ್ರ. ಚಿಕಡೀ ಹಕ್ಕಿಯ ಒಂದು ಸಂಸಾರದ ಮರಿಗಳು ಗೂಡು ಬಿಡುವಷ್ಟರಲ್ಲಿ 6,000ದಿಂದ 9,000 ಮರಿಹುಳು ತಿನ್ನುತ್ತವೆ ಎಂಬುದನ್ನು ನೆನೆದರೆ ಆ ಬಿಳಿ ಬಲೆಯನ್ನು ನೋಡುವ ಕಣ್ಣು ಬದಲಾಗುತ್ತದೆ. ಬಲೆಗೆ ಬೆಂಕಿ ಹಚ್ಚಬೇಡಿ. ತೆಗೆಯಲು ನ್ಯಾಯವಾದ ಸಂದರ್ಭವೊಂದಿದೆ: ಪಕ್ಕದಲ್ಲಿ ಆಡು, ಹಸು, ಕುದುರೆ ಮೇಯುತ್ತಿದ್ದರೆ. ಮುರಿದು ಬಾಡಿದ ಚೆರ್ರಿ ಎಲೆಯಲ್ಲಿ ಸಯನೈಡ್ ಬಿಡುಗಡೆಯಾಗಿ ಜಾನುವಾರು ಸಾಯಬಹುದು.

ಹ್ಯಾಕ್‌ಬೆರಿ. ಬೂದು ತೊಗಟೆಯ ತುಂಬ ನರುಲಿಯಂತಹ ಉಬ್ಬು, ಎಲೆಯ ತುಂಬ ಗುಳ್ಳೆ. ನೋಡಿದವರಿಗೆ ಕಾಯಿಲೆ ಬಿದ್ದ ಮರವೆನಿಸುತ್ತದೆ. ತೊಗಟೆಯ ಉಬ್ಬು ಅದರ ಸಹಜ ರೂಪ. ಎಲೆಯ ಗುಳ್ಳೆ ಒಂದು ಸಣ್ಣ ಕೀಟದ್ದು, ಮರಕ್ಕೆ ಹೇಳಿಕೊಳ್ಳುವ ಹಾನಿಯಿಲ್ಲ. ಹ್ಯಾಕ್‌ಬೆರಿ ಎಂಪರರ್, ಟಾನಿ ಎಂಪರರ್, ಅಮೆರಿಕನ್ ಸ್ನೌಟ್ ಚಿಟ್ಟೆಗಳ ಮರಿಹುಳುಗಳು ಹ್ಯಾಕ್‌ಬೆರಿ ಕುಲದ ಎಲೆಗಳನ್ನೇ ನಂಬಿಕೊಂಡಿವೆ. ಒಣನೆಲ, ಕಾರಿನ ಹೊಗೆ, ಗಟ್ಟಿಮಣ್ಣು ಎಲ್ಲವನ್ನೂ ತಾಳುವ ಈ ಮರವನ್ನು ಕಡಿಯಲು ನನಗೆ ಯಾವ ಸಾಮಾನ್ಯ ಕಾರಣವೂ ತೋರುವುದಿಲ್ಲ.

ಬಾಕ್ಸ್‌ಎಲ್ಡರ್. ಇದರ ವಿಷಯದಲ್ಲಿ ಜಾಗವೇ ತೀರ್ಪು. ಕೊಂಬೆ ಪೆಳಸು, ಆಯುಷ್ಯ ಕಡಿಮೆ. ಚಾವಣಿಗೆ ಅಥವಾ ವಿದ್ಯುತ್ ತಂತಿಗೆ ಬಾಗಿದ್ದರೆ ತೆಗೆಸಿ. ತೊರೆಯ ದಡದಲ್ಲಿದ್ದರೆ ಮಣ್ಣು ಹಿಡಿದು ನಿಂತಿರುತ್ತದೆ, ಚಳಿಗಾಲವಿಡೀ ಜೋತಾಡುವ ರೆಕ್ಕೆಬೀಜಗಳು ಹಕ್ಕಿ ಮತ್ತು ಅಳಿಲುಗಳಿಗೆ ಆಹಾರ, ಅಲ್ಲಿ ಮುಟ್ಟಬೇಡಿ. ಶರತ್ಕಾಲದಲ್ಲಿ ಬಿಸಿಲುಗೋಡೆಗೆ ಮುತ್ತುವ ಕೆಂಪುಗೆರೆಯ ಕಪ್ಪುಕೀಟ ಕಚ್ಚುವುದಿಲ್ಲವೆಂದೇ ಹೇಳಬಹುದು. ಅದಕ್ಕಾಗಿ ಮರ ಬಲಿಕೊಡುವ ಬದಲು ಕಿಟಕಿಯ ಸಂದು ಮುಚ್ಚಿ.

ಈಸ್ಟರ್ನ್ ರೆಡ್ ಸೀಡರ್. ಪಾಳುಬಿದ್ದ ಹೊಲವನ್ನು ಮೊದಲು ಹಿಡಿಯುವ, ಮೈ ಚುಚ್ಚುವ ನಿತ್ಯಹರಿದ್ವರ್ಣ ಮರ. ಎಲ್ಲ ಮರ ಬೋಳಾದ ಜನವರಿಯಲ್ಲಿ ಹಕ್ಕಿಗಳಿಗೆ ಇದೇ ಆಸರೆ, ಇದರ ನೀಲಿ ಕಾಯಿಯೇ ಸೀಡರ್ ವ್ಯಾಕ್ಸ್‌ವಿಂಗ್ ಹಕ್ಕಿಯ ಊಟ. ಸೇಬು ನೆಟ್ಟವರು ಇದನ್ನು ದ್ವೇಷಿಸುತ್ತಾರೆ, ಏಕೆಂದರೆ ಸೀಡರ್-ಆ್ಯಪಲ್ ತುಕ್ಕುರೋಗ ಎರಡೂ ಮರಗಳ ನಡುವೆ ಓಡಾಡುತ್ತದೆ. ಮಳೆಯ ವಸಂತದಲ್ಲಿ ಸೀಡರ್‌ನ ಗಂಟುಗಳಿಂದ ಕಿತ್ತಳೆ ಬಣ್ಣದ ಅಂಟುಕೊಂಬುಗಳು ಹೊರಬರುತ್ತವೆ. ಬೀಜಾಣುಗಳು ಗಾಳಿಯಲ್ಲಿ ಬಹುದೂರ ಬರುವುದರಿಂದ ನಿಮ್ಮ ಒಂದು ಸೀಡರ್ ಕಡಿದು ಪ್ರಯೋಜನವಿಲ್ಲ. ಲಿಬರ್ಟಿಯಂತಹ ರೋಗನಿರೋಧಕ ಸೇಬಿನ ತಳಿ ನೆಡಿ.

ಸ್ಯಾಸಫ್ರಾಸ್, ಪಾಪಾ, ಪರ್ಸಿಮನ್. ಮೂರೂ ಬೇರಿನಿಂದ ಚಿಗುರಿ ಗುಂಪಾಗುವುದರಿಂದ ‘ಪೊದೆ’ ಎಂದು ಸವರಿಹೋಗುತ್ತವೆ. ಸ್ಯಾಸಫ್ರಾಸ್ ದಾಲ್ಚಿನ್ನಿಯ ಕುಟುಂಬದ್ದು. ಒಂದೇ ಕೊಂಬೆಯಲ್ಲಿ ಹಾಲೆಯಿಲ್ಲದ, ಎರಡು ಹಾಲೆಯ, ಮೂರು ಹಾಲೆಯ ಎಲೆಗಳು ಸಿಗುತ್ತವೆ. ಪಾಪಾ ನಮ್ಮ ಸೀತಾಫಲದ ಕುಟುಂಬದ ಮರ, ಜೀಬ್ರಾ ಸ್ವಾಲೋಟೇಲ್ ಚಿಟ್ಟೆಯ ಮರಿಹುಳು ಇದರ ಎಲೆ ಬಿಟ್ಟು ಬೇರೆ ತಿನ್ನುವುದಿಲ್ಲ. ಹಣ್ಣು ಸೆಪ್ಟೆಂಬರ್ ಸುಮಾರಿಗೆ ಮಾಗುತ್ತದೆ, ಚಮಚದಲ್ಲಿ ತೆಗೆದು ತಿನ್ನಬಹುದು. ಬೀಜ ಮತ್ತು ಸಿಪ್ಪೆ ತಿನ್ನಬಾರದು. ಒಂದೇ ಬೇರಿನ ಗುಂಪು ತನ್ನ ಪರಾಗದಿಂದ ಸಾಮಾನ್ಯವಾಗಿ ಕಾಯಿ ಕಟ್ಟುವುದಿಲ್ಲ, ಹಾಗಾಗಿ ಹಣ್ಣಿಲ್ಲವೆಂದು ಕಡಿಯುವ ಬದಲು ಬೇರೆ ಮೂಲದ ಒಂದು ಸಸಿ ತಂದು ನೆಡಿ. ಪರ್ಸಿಮನ್‌ನಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ತೊಗಟೆ ಮೊಸಳೆಚರ್ಮದಂತೆ ಚೌಕಚೌಕ.

ಹಾಪ್ ಹಾರ್ನ್‌ಬೀಮ್ ಮತ್ತು ಅಮೆರಿಕನ್ ಹಾರ್ನ್‌ಬೀಮ್. ದೊಡ್ಡ ಮರಗಳ ನೆರಳಲ್ಲಿ ಕೈತೋಳಿನಷ್ಟೇ ದಪ್ಪ ನಿಂತಿರುವ ಇವುಗಳನ್ನು ಬೆಳವಣಿಗೆ ಕುಂಠಿತವಾದ ಎಳೆಮರ ಎಂದು ಭಾವಿಸುತ್ತಾರೆ. ನಿಧಾನವಾಗಿ ಬೆಳೆಯುವುದೇ ಇವುಗಳ ಸ್ವಭಾವ. ಅಷ್ಟು ದಪ್ಪವಾಗಲು ಹಲವು ದಶಕ ಹಿಡಿದಿರಬಹುದು, ಮತ್ತೆ ನೆಟ್ಟು ನಿಮ್ಮ ಜೀವಿತದಲ್ಲಿ ಆ ಜಾಗ ತುಂಬಲಾಗದು.

ಬ್ಲ್ಯಾಕ್ ಲೋಕಸ್ಟ್. ಅಪಲೇಚಿಯನ್ ಬೆಟ್ಟಸಾಲಿನಲ್ಲಿ ಸ್ಥಳೀಯ. ನ್ಯೂ ಇಂಗ್ಲೆಂಡಿನಲ್ಲಿ ಹೊರಗಿನದು, ಮ್ಯಾಸಚೂಸೆಟ್ಸ್ ಅದನ್ನು ಆಕ್ರಮಣಕಾರಿಯೆಂದೇ ಪಟ್ಟಿ ಮಾಡಿದೆ. ನಿಮ್ಮ ಕೌಂಟಿ ಯಾವ ಕಡೆಗೆ ಬೀಳುತ್ತದೆಂದು ನೋಡಿಕೊಂಡು ತೀರ್ಮಾನಿಸಿ. ಕಡಿದರೆ ಬೇರುಚಿಗುರು ಹಿಂಡುಹಿಂಡಾಗಿ ಏಳುವುದು ಮಾತ್ರ ಎರಡೂ ಕಡೆ ಖಚಿತ.

## ಹಂತ 5: ನಿಜವಾದ ಅಪಾಯದ ಲಕ್ಷಣಗಳು

ಬುಡದಲ್ಲಿ ಅಣಬೆ ಅಥವಾ ತಟ್ಟೆಯಾಕಾರದ ಶಿಲೀಂಧ್ರ, ಬೇರಿನ ಸುತ್ತ ಮಣ್ಣು ಎದ್ದಿರುವುದು, ಇತ್ತೀಚೆಗೆ ಬಂದ ವಾಲು, ಕಾಂಡದಲ್ಲಿ ಉದ್ದನೆಯ ಬಿರುಕು, ತೊಗಟೆಯನ್ನು ನಡುವೆ ಸಿಕ್ಕಿಸಿಕೊಂಡ ಕಿರಿದಾದ ಕವಲು: ಇವು ಎಚ್ಚರಿಕೆಯ ಗುರುತುಗಳು. ಮರ ಬಿದ್ದರೆ ಮನೆ, ದಾರಿ, ಆಟದ ಜಾಗ ಅಥವಾ ತಂತಿಗೆ ತಗಲುವಂತಿದ್ದರೆ ಪ್ರಮಾಣಪತ್ರ ಹೊಂದಿದ ಆರ್ಬರಿಸ್ಟ್ (ಮರಗಳ ತಜ್ಞ) ಅವರನ್ನು ಕರೆಸಿ. ಸತ್ತ ಆಶ್ ಮರಗಳಿಗೆ ಮೊದಲ ಆದ್ಯತೆ ಕೊಡಿ. 2002ರಲ್ಲಿ ಮಿಷಿಗನ್‌ನಲ್ಲಿ ಪತ್ತೆಯಾದ ಎಮರಾಲ್ಡ್ ಆಶ್ ಬೋರರ್ ಎಂಬ ಕೊರೆಯುವ ಕೀಟ ಕೊಂದ ಮರ ಬಹಳ ಬೇಗ ಪೆಳಸಾಗಿ, ಹತ್ತಿ ಇಳಿಯುವ ಕೆಲಸಗಾರರಿಗೇ ಪ್ರಾಣಾಪಾಯವಾಗುತ್ತದೆ.

ಬಿದ್ದರೂ ಯಾವುದಕ್ಕೂ ತಗಲದ ಸತ್ತ ಮರವನ್ನು ನಿಲ್ಲಲು ಬಿಡಿ. ಉತ್ತರ ಅಮೆರಿಕದ ಸುಮಾರು 85 ಜಾತಿಯ ಹಕ್ಕಿಗಳು ಮರದ ಪೊಟರೆಯಲ್ಲಿ ಗೂಡು ಮಾಡುತ್ತವೆ. ಎತ್ತರ ಹೆದರಿಸುವಂತಿದ್ದರೆ ಮೇಲ್ಭಾಗ ಇಳಿಸಿ, 15ರಿಂದ 20 ಅಡಿ ಕಾಂಡ ಉಳಿಸಿ ಎಂದು ಹೇಳಬಹುದು.

## ಹಂತ 6: ಮೊದಲು ಪರದೇಶಿಗಳು

ಕಿತ್ತಳೆಪಟ್ಟಿ ಕಟ್ಟಿದವುಗಳಲ್ಲಿ ಮೊದಲು ತೆಗೆಯಬೇಕಾದದ್ದು ಬಳ್ಳಿ. ಓರಿಯೆಂಟಲ್ ಬಿಟರ್‌ಸ್ವೀಟ್ ಮತ್ತು ಇಂಗ್ಲಿಷ್ ಐವಿಯನ್ನು ಸೊಂಟದೆತ್ತರದಲ್ಲಿ ಒಮ್ಮೆ, ಪಾದದ ಬಳಿ ಒಮ್ಮೆ ಕತ್ತರಿಸಿ, ಮೇಲಿನದನ್ನು ಅಲ್ಲೇ ಒಣಗಲು ಬಿಡಿ; ಜಗ್ಗಿ ಎಳೆದರೆ ಕೊಂಬೆ ತಲೆಯ ಮೇಲೆ ಬೀಳುತ್ತದೆ. ಐದು ಕಿರುಎಲೆಯ ವರ್ಜೀನಿಯಾ ಕ್ರೀಪರ್ ಸ್ಥಳೀಯ, ಅದನ್ನು ಬಿಡಿ.

ಟ್ರೀ ಆಫ್ ಹೆವನ್‌ಗೆ ನೇರವಾಗಿ ಗರಗಸ ಹಾಕುವುದು ಅತಿ ದುಬಾರಿ ತಪ್ಪು. ಕಡಿದೊಡನೆ ಬೇರಿನುದ್ದಕ್ಕೂ ಹತ್ತಾರು ಚಿಗುರೇಳುತ್ತವೆ. ಜುಲೈನಿಂದ ಎಲೆ ಬಣ್ಣ ತಿರುಗುವವರೆಗೆ ಸೊನೆ ಬೇರಿಗೆ ಇಳಿಯುವ ಕಾಲ. ಆಗ ಕಾಂಡದ ಸುತ್ತ ಕೆಳಮುಖವಾಗಿ ಸಣ್ಣ ಕಚ್ಚುಗಳನ್ನು ಹಾಕಿ, ಕಚ್ಚುಗಳ ನಡುವೆ ಜೀವಂತ ತೊಗಟೆ ಉಳಿಸಿ, ಸೂಕ್ತ ಕಳೆನಾಶಕವನ್ನು ಡಬ್ಬಿಯ ಮೇಲಿನ ಪ್ರಮಾಣದಂತೆ ಕಚ್ಚಿನೊಳಗೆ ಮಾತ್ರ ಹಾಕಬೇಕು. ಕನಿಷ್ಠ 30 ದಿನ ಬಿಟ್ಟು, ಮರ ಬಾಡಿದ್ದು ಖಚಿತವಾದ ಮೇಲೆ ಕಡಿಯಬೇಕು. ಸುತ್ತಲೂ ಪೂರ್ತಿ ತೊಗಟೆ ಕೆತ್ತಿದರೆ ಔಷಧ ಬೇರಿಗೆ ತಲುಪುವುದೇ ಇಲ್ಲ. ಎಳೆ ಸಸಿಗಳನ್ನು ಮಳೆಯ ಮರುದಿನ ಬೇರುಸಹಿತ ಕೀಳಬಹುದು. ಆದರೆ ಅದು ಬೀಜದ ಸಸಿಯೋ ಬೇರುಚಿಗುರೋ ನೋಡಿ, ಎರಡನೆಯದನ್ನು ಕಿತ್ತು ಫಲವಿಲ್ಲ.

## ಹಂತ 7: ಒಂದು ಬೇಸಿಗೆ ಕಾಯುವುದು

ಪರದೇಶಿಗಳು ಹೋದ ಮೇಲೆ ಒಂದು ಪೂರ್ಣ ಬೇಸಿಗೆ ಯಾವ ಸ್ಥಳೀಯ ಮರವನ್ನೂ ಕಡಿಯಬೇಡಿ. ಎಲ್ಲರಿಗೂ ಬೇಸರ ತರುವ ಹಂತವಿದು, ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ತೆರೆದ ಬೆಳಕಿಗೆ ಏನು ಮೊಳೆಯುತ್ತದೆಂದು ತಿಂಗಳಿಗೊಮ್ಮೆ ಅದೇ ಜಾಗದಿಂದ ಚಿತ್ರ ತೆಗೆದು ನೋಡಿ. ಜಪಾನೀಸ್ ಸ್ಟಿಲ್ಟ್‌ಗ್ರಾಸ್ ಎಂಬ ಪರದೇಶಿ ಹುಲ್ಲು ಬಂದರೆ ಬೀಜ ಕಟ್ಟುವ ಮೊದಲು, ಆಗಸ್ಟ್ ಕೊನೆಯ ಹೊತ್ತಿಗೆ ಕೈಯಿಂದ ಕಿತ್ತುಹಾಕಿ. ಬೇರು ಮೇಲಕ್ಕಿರುವುದರಿಂದ ಸುಲಭವಾಗಿ ಬರುತ್ತದೆ. ಓಕ್, ಹಿಕರಿ, ಚೆರ್ರಿ ಸಸಿಗಳು ಕಾಣಿಸಿದರೆ ನೀಲಿಪಟ್ಟಿ ಕಟ್ಟಿ.

ಆ ನಂತರವೂ ಸ್ಥಳೀಯ ಮರಗಳನ್ನು ವಿರಳಗೊಳಿಸಬೇಕೆನಿಸಿದರೆ, ಉಳಿಸಬೇಕಾದ ಒಂದು ಒಳ್ಳೆಯ ಮರವನ್ನು ಆರಿಸಿ, ಅದರ ತಲೆಗೆ ನೇರವಾಗಿ ತಾಗುತ್ತಿರುವ ಒಂದೆರಡು ಪೈಪೋಟಿಗಾರರನ್ನು ಮಾತ್ರ ತೆಗೆಸಿ. ನೆರಳಿನಲ್ಲಿರುವ ಹಾರ್ನ್‌ಬೀಮ್ ಆ ಓಕ್‌ಗೆ ಪೈಪೋಟಿಯೇ ಅಲ್ಲ.

## ಹಂತ 8: ಕಡಿಯುವವರ ಜೊತೆ ಒಪ್ಪಂದ

ವಿಮೆಯ ಪತ್ರವನ್ನು ವಿಮಾ ಕಂಪನಿಯಿಂದಲೇ ತರಿಸಿಕೊಳ್ಳಿ. ‘ಹಿತ್ತಲು ಸ್ವಚ್ಛ ಮಾಡಿ’ ಎಂಬ ಮಾತು ಒಪ್ಪಂದದಲ್ಲಿ ಬರಬಾರದು. ಸಂಖ್ಯೆ ಹಾಕಿದ ಮರಗಳ ಪಟ್ಟಿ ಇರಬೇಕು, ಪಟ್ಟಿಯಲ್ಲಿಲ್ಲದ ಮರ ಕಡಿದರೆ ಏನು ಎಂಬುದೂ ಇರಬೇಕು. ಯಂತ್ರ ಒಂದೇ ದಾರಿಯಲ್ಲಿ ಓಡಾಡಲಿ, ನೆಲ ಹೆಪ್ಪುಗಟ್ಟಿದಾಗ ಬಂದರೆ ಇನ್ನೂ ಒಳ್ಳೆಯದು. ಒದ್ದೆ ಮಣ್ಣು ಚಕ್ರದಡಿ ಬಿಗಿದರೆ ಉಳಿಸಿದ ಮರದ ಬೇರುಗಳೂ ನರಳುತ್ತವೆ. ಬುಡ ಕೊರೆಸುವುದಿದ್ದರೆ 811ಕ್ಕೆ ಕರೆ ಮಾಡಿ ನೆಲದಡಿಯ ಕೊಳವೆ ಮತ್ತು ತಂತಿಗಳನ್ನು ಗುರುತು ಮಾಡಿಸಿ. ಕೆಲಸದ ದಿನ ನೀವು ಸ್ಥಳದಲ್ಲಿರಿ. ಕಟ್ಟಿಗೆಯನ್ನು ಬೇರೆ ಊರಿಗೆ ಸಾಗಿಸಬೇಡಿ, ಕೀಟಗಳು ಅದರೊಂದಿಗೇ ಪ್ರಯಾಣ ಮಾಡುತ್ತವೆ.

## ಹಂತ 9: ಮುಂದಿನ ಮೂರು ವರ್ಷ

ಈ ಕಾಡುಗಳಲ್ಲಿ ಬಿಳಿಬಾಲದ ಜಿಂಕೆ ಓಕ್ ಸಸಿಯನ್ನು ತಿಂದು, ಪಾಪಾವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತದೆ. ನೀಲಿಪಟ್ಟಿಯ ಸಸಿಗಳಿಗೆ ಐದು ಅಡಿ ಎತ್ತರದ ತಂತಿಬಲೆಯ ಪಂಜರವನ್ನು ಗೂಟಕ್ಕೆ ಕಟ್ಟಿ ನಿಲ್ಲಿಸಿ, ತುದಿಚಿಗುರು ಪಂಜರಕ್ಕಿಂತ ಮೇಲೆ ಹೋಗುವವರೆಗೂ ತೆಗೆಯಬೇಡಿ. ಗಂಡು ಜಿಂಕೆ ಶರತ್ಕಾಲದಲ್ಲಿ ಕೊಂಬು ಉಜ್ಜಿ ತೊಗಟೆ ಸುಲಿಯುವುದರಿಂದ, ಎತ್ತರಕ್ಕೆ ಹೋದ ಮೇಲೂ ಕಾಂಡದ ಸುತ್ತ ಬಲೆ ಇರಲಿ. ಟ್ರೀ ಆಫ್ ಹೆವನ್ ಇದ್ದ ಜಾಗವನ್ನು ಪ್ರತಿ ಜುಲೈನಲ್ಲಿ ಸುತ್ತಿ ಬನ್ನಿ. ಹೊಸ ಚಿಗುರು ಕಂಡರೆ ಅದು ಮೊಣಕಾಲೆತ್ತರಕ್ಕೆ ಏಳುವ ಮುನ್ನವೇ ಅದೇ ಕಾಲಕ್ಕೆ, ಅದೇ ಔಷಧದಿಂದ ಎಲೆಗಳಿಗೆ ಮಾತ್ರ ಉಪಚಾರ ಮಾಡಿ, ನೋಟ್‌ಬುಕ್ಕಿನ ಆ ಸಾಲಿನಲ್ಲಿ ದಿನಾಂಕ ಬರೆದಿಡಿ.